ನರಿಯ ಕೊರಳಿನ ಹಸಿರು ನಾರು

ಒಂದು ಕಾಡಿನಲ್ಲಿ ಬಿಲ ತೋಡುವ ಗುತ್ತಿಗೆದಾರರಿಗೆಲ್ಲ ಒಂದು ಕಟ್ಟಳೆ ಇತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವರು ತಮ್ಮ ಗಳಿಕೆಯ ಒಂದು ಪಾಲನ್ನು ಹೊಣೆಕಣಜಕ್ಕೆ ಹಾಕಬೇಕು. ಕೆಲಸ ಮಾಡುವಾಗ ಮಣ್ಣು ಕುಸಿದು ಯಾರಿಗಾದರೂ ಪೆಟ್ಟಾದರೆ ಆ ಕಣಜವೇ ನಷ್ಟ ತುಂಬಿಕೊಡುತ್ತಿತ್ತು. ಕಣಜ ಕಾಯುವ ಆಮೆಯಜ್ಜ, ಪಾಲು ಹಾಕಿದವರ ಕೊರಳಿಗೆ ಹಸಿರು ನಾರು ಕಟ್ಟುತ್ತಿದ್ದ. ಆದರೆ ಮರುವರ್ಷ ಪಾಲು ಹಾಕದವರ ನಾರು ಬಿಚ್ಚಿಸುತ್ತಾ ಕಾಡೆಲ್ಲ ಅಲೆಯಲು ಆ ಮುದುಕನಿಗೆ ಆಗುತ್ತಿರಲಿಲ್ಲ. ಸಂದೇಹವಿದ್ದವರು ಅವನಿದ್ದ ಕೆರೆಗೆ ಹೋಗಿ ಅವನನ್ನೇ ಕೇಳಬೇಕಿತ್ತು.

ಮುಳ್ಳುಹಂದಿ ಸಿದ್ದವ್ವನಿಗೆ ಬಿಲ ದೊಡ್ಡದು ಮಾಡಿಸಬೇಕಿತ್ತು. ಗಂಡ ತೀರಿಕೊಂಡಿದ್ದ, ಮರಿಗಳು ಬೆಳೆಯುತ್ತಿದ್ದವು. ಮಳೆಗಾಲದ ಊಟಕ್ಕೆಂದು ಅವಳು ಬೇಸಿಗೆಯೆಲ್ಲ ನೆಲ ಬಗೆದು ಗೆಡ್ಡೆ ಕೂಡಿಟ್ಟಿದ್ದಳು. ಅವಳ ಆಸ್ತಿ ಅಂದರೆ ಅಷ್ಟೆ.

ಗುತ್ತಿಗೆದಾರ ನರಿ ಜಟ್ಟಪ್ಪ ನಗುನಗುತ್ತಾ ಬಂದ. "ಬೇರೆಯವರಿಗಿಂತ ಕಡಿಮೆ ಗೆಡ್ಡೆಗೆ ಮಾಡಿಕೊಡ್ತೀನಿ, ಅಕ್ಕಾ. ನೋಡಿ, ಕೊರಳಲ್ಲಿ ನಾರೂ ಇದೆ."

ಕಣಜಕ್ಕೆ ಪಾಲೇ ಹಾಕದವನಿಗೆ ಕಡಿಮೆಗೆ ಮಾಡಿಕೊಡುವುದು ಏನು ಕಷ್ಟ? ಪಾಪ, ಸಿದ್ದವ್ವನಿಗೆ ಅದು ಹೊಳೆಯಲಿಲ್ಲ.

ಪಕ್ಕದ ಪೊದೆಯ ಮುಂಗುಸಿ ಅವಳನ್ನು ಬದಿಗೆ ಕರೆದು ಹೇಳಿತು, "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೆ. ಆಮೆಯಜ್ಜನ್ನ ಒಂದು ಮಾತು ಕೇಳಿಬಿಟ್ಟು ಬಾ."

"ಅಕ್ಕಾ ಅಂತ ಕರೀತಾನೆ. ಅವನ ಬೆನ್ನ ಹಿಂದೆ ವಿಚಾರಿಸಿದ್ರೆ ಏನು ಅಂದ್ಕೊಂಡಾನು?" ಎಂದಳು ಸಿದ್ದವ್ವ. ಮುಖ ನೋಡಿ ಮಣೆ ಹಾಕಿದಳು.

ಜಟ್ಟಪ್ಪ ಅಗೆಯಲು ಹೆಗ್ಗಣ ಗುಂಡನನ್ನು ಕರೆತಂದ. ಮೇಲಿನ ಮಣ್ಣಿಗೆ ಆಸರೆಯಾಗಿ ಒಂದು ಕೋಲನ್ನೂ ನಿಲ್ಲಿಸಲಿಲ್ಲ. "ಬೇಗ ಅಗಿಯೋ," ಎಂದು ಹೊರಗೆ ನಿಂತು ಕೂಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಚಾವಣಿ ಕುಸಿಯಿತು. ಗುಂಡನನ್ನು ಎಳೆದು ತೆಗೆದಾಗ ಅವನ ಹಿಂಗಾಲುಗಳು ನಜ್ಜುಗುಜ್ಜಾಗಿದ್ದವು. ಜಟ್ಟಪ್ಪ ಅಲ್ಲಿರಲಿಲ್ಲ.

ಸಿದ್ದವ್ವ ಆಗ ಕೆರೆಗೆ ಓಡಿದಳು.

"ಅವನು ಪಾಲು ಹಾಕಿ ಎಷ್ಟೋ ವರ್ಷ ಆಯ್ತು, ತಾಯಿ," ಎಂದ ಆಮೆಯಜ್ಜ. "ಒಣಗಿದ ನಾರನ್ನ ಸೊಪ್ಪಿನ ರಸದಲ್ಲಿ ಅದ್ದಿಕೊಂಡಿರಬೇಕು. ಮೊದಲೇ ಕೇಳಿದ್ರೆ ಹೇಳ್ತಿದ್ದೆ."

"ಕೇಳೋಕೆ ಸಂಕೋಚ ಆಯ್ತಜ್ಜ."

ಆಮೆಯಜ್ಜ ತಲೆ ಅಲ್ಲಾಡಿಸಿದ. "ಗುತ್ತಿಗೆದಾರ ಕಣಜಕ್ಕೆ ಪಾಲು ಹಾಕದಿದ್ರೆ ಕರೆಸಿದ ಮನೆಯವರೇ ಹೊಣೆ ಹೊರಬೇಕು. ಕಟ್ಟಳೆ ಹಾಗಿದೆಯಮ್ಮ."

ಅವಳು ಮನೆಗೆ ಬಂದಾಗ ಗುಂಡನ ಹೆಂಡತಿ ಬಾಗಿಲಲ್ಲಿ ಮರಿಗಳನ್ನು ಕಟ್ಟಿಕೊಂಡು ನಿಂತಿದ್ದಳು. ಸಿದ್ದವ್ವ ಒಳಗೆ ಹೋಗಿ ಗೆಡ್ಡೆಗಳನ್ನೆಲ್ಲ ಹೊರಗೆ ತಂದಿಟ್ಟಳು. ಮಳೆಗಾಲಕ್ಕೆ ಬೇರೇನೂ ಇರಲಿಲ್ಲ, ಆದರೂ ಕೊಡದಿರಲು ಮನಸ್ಸಾಗಲಿಲ್ಲ.

ಮಳೆ ಹಿಡಿಯಿತು. ಜಟ್ಟಪ್ಪನ ಸ್ವಂತ ಬಿಲವೂ ಒಂದು ದಿನ ಕುಸಿದು ಬಿತ್ತು. ಅವನು ಹೆಗ್ಗಣಗಳ ಕೇರಿಗೆ ಹೋಗಿ ಹೊಸ ಬಿಲ ತೋಡಿಕೊಡಿ ಎಂದು ಅಂಗಲಾಚಿದ.

"ನಿನ್ನ ಮಾತು ನಂಬಿ ಮಣ್ಣಿಗಿಳಿದವನು ಇನ್ನೂ ಎದ್ದು ನಿಂತಿಲ್ಲ," ಎಂದಿತು ಒಂದು ಮುದಿ ಹೆಗ್ಗಣ. "ನಡಿಯಪ್ಪ ಇಲ್ಲಿಂದ."

ಮೊಲಗಳೂ ಮುಂಗುಸಿಗಳೂ ಹಾಗೇ ಅಂದವು. ಜಟ್ಟಪ್ಪ ನೆನೆಯುತ್ತಾ ಕೆಮ್ಮುತ್ತಾ ಮರದಿಂದ ಮರಕ್ಕೆ ಅಲೆದು, ಕೊನೆಗೆ ಆ ಕಾಡನ್ನೇ ಬಿಟ್ಟು ಹೋದ.

ಸುದ್ದಿ ಕೇಳಿ ಎಲ್ಲರೂ ತಕ್ಕ ಶಾಸ್ತಿ ಆಯಿತು ಅಂದರು. ಅರ್ಧ ಕುಸಿದ ಬಿಲದಲ್ಲಿ ಸಿದ್ದವ್ವನ ಕಿರಿಯ ಮರಿ, "ಅವ್ವಾ, ಗೆಡ್ಡೆ ಯಾವಾಗ ವಾಪಸ್ ಬರುತ್ತೆ?" ಎಂದು ಕೇಳಿತು. ಅವಳು ಅದನ್ನು ಹತ್ತಿರ ಎಳೆದುಕೊಂಡಳು.

ನೀತಿ: ಮನೆ ಕೆಲಸಕ್ಕೆ ಗುತ್ತಿಗೆದಾರನನ್ನು ಕರೆಯುವ ಮೊದಲು ಅವನ ವಿಮೆ ಚಾಲ್ತಿಯಲ್ಲಿದೆಯೇ ಎಂದು ವಿಮೆ ಕೊಟ್ಟವರನ್ನೇ ಕೇಳಿ ತಿಳಿಯಬೇಕು, ಕೇಳಲು ಸಂಕೋಚಪಟ್ಟವರು ಇನ್ನೊಬ್ಬರ ಮೋಸಕ್ಕೆ ತಾವೇ ದಂಡ ತೆರುತ್ತಾರೆ.