ಜಾಲಿಗೆ ಕಟ್ಟಿದ ಕನ್ನಡಿ ಬಟ್ಟೆ

ಹದಿನಾಲ್ಕು ಭಾಷೆಗಳಲ್ಲಿ ಜಗಳಾಡಿ ಹದಿನಾಲ್ಕರಲ್ಲೂ ಗೆದ್ದವನು ನಾನು. ಸುಳ್ಳು. ಬರುವುದು ಕನ್ನಡ ಒಂದೇ, ಅದರಲ್ಲೂ ಮನೆಯಲ್ಲಿ ದಿನಾ ಸೋಲುತ್ತೇನೆ. ಈ ಚಹಾ ಮುಗಿಯುವಷ್ಟರಲ್ಲಿ ಹೇಳುವ ಹೇಮ್ಲಾನ ಕಥೆ ಮಾತ್ರ ಮುಕ್ಕಾಲು ಪಾಲು ನಿಜ.

ತುಂಗಭದ್ರೆಯ ಆಚೆ ದಡದಲ್ಲಿ ಹಾಲಯ್ಯಜ್ಜನ ಆಶ್ರಮ. ಆಶ್ರಮವೆಂದರೆ ಒಂದು ಗುಡಿಸಲು, ಒಂದು ಒಲೆ, ದಡದ ಮೇಲೊಂದು ಜಾಲಿಮರ. ಅಕ್ಷರ ಬೇಕೆಂದು ಬಂದವರಿಗೆ ಅಜ್ಜ ರೊಟ್ಟಿಯನ್ನೂ ಕೊಡುತ್ತಿದ್ದ.

ತಾಂಡಾದಿಂದ ಬಂದ ಹೇಮ್ಲಾನಿಗೆ ಲಂಬಾಣಿ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಕೈಯಲ್ಲಿದ್ದದ್ದು ತೀರಿಹೋದ ತಾಯಿಯ ಲಂಗದ ತುಂಡು. ಅದರ ತುಂಬ ಕನ್ನಡಿ.

ಅಲ್ಲಿಯ ಪದ್ಧತಿಯಂತೆ ಒಬ್ಬೊಬ್ಬ ಶಿಷ್ಯನಿಗೂ ಒಂದೊಂದು ಬಟ್ಟೆ. ಯಾರ ಬಟ್ಟೆ ಜಾಲಿ ಏರಿತೋ ಅವನ ರೊಟ್ಟಿ ಹೆಂಚಿನ ಮೇಲಿದೆ, ಎಲ್ಲಿದ್ದರೂ ಬರಬೇಕು.

ಹೇಮ್ಲಾನದು ಆ ಲಂಗದ ತುಂಡೇ; ಬಿಸಿಲಿಗೆ ಮಿಂಚಿದರೆ ಈಚೆ ದಡಕ್ಕೂ ಕಾಣುತ್ತಿತ್ತು. ಅವನು ಅಲ್ಲಿ ಕಲಿತ ಮೊದಲ ಮಾತು ಅದು. ನಾಲಿಗೆಯಿಂದಲ್ಲ, ಓಡಿ ಬಂದು ಕಾಲಿನಿಂದ ಕಲಿತದ್ದು.

ಒಂದು ದಿನ ಅವನು, "ದೊಡ್ಡ ಓದು ಓದಿ ಬರ್ತೀನ್ರಿ, ಅಜ್ಜಾರ," ಅಂದ.

"ಬಟ್ಟೆ ಇಲ್ಲೇ ಬಿಟ್ಟು ಹೋಗು," ಅಂದ ಅಜ್ಜ.

ಓದಿದ. ಮನುಷ್ಯ ಭಾಷೆ ಹೇಗೆ ಕಲಿಯುತ್ತಾನೆ, ಗುರುತುಗಳಿಗೆ ಅರ್ಥ ಎಲ್ಲಿಂದ ಬರುತ್ತದೆ, ಇದೇ ಅವನ ಶಾಸ್ತ್ರವಾಯಿತು. ಪ್ರೊಫೆಸರಾದ. ಶಾಲು, ಹಾರ, ಎಂಟು ಪುಸ್ತಕ. ಎಲ್ಲಕ್ಕಿಂತ ದಪ್ಪನೆಯದು ಆ ಬಟ್ಟೆಯ ಬಗ್ಗೆಯೇ, ಮುನ್ನೂರು ಪುಟ.

ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಈಚೆ ದಡಕ್ಕೆ ಕರೆತರುತ್ತಿದ್ದ. ಮಧ್ಯಾಹ್ನವಾದರೆ ಜಾಲಿಯಲ್ಲಿ ಬಟ್ಟೆ ಮಿಂಚುತ್ತಿತ್ತು. ಅವನು ಅತ್ತ ಒಮ್ಮೆ ನೋಡಿ, ಕೆಮ್ಮಿ, ಪಾಠ ಶುರು ಮಾಡುತ್ತಿದ್ದ.

ದಾಟಲಿಲ್ಲ. ಮೊದಲು ಪರೀಕ್ಷೆ ಅಡ್ಡ ಬಂತು. ಆಮೇಲೆ ಪುಸ್ತಕ. ಆಮೇಲೆ, ಇಷ್ಟು ವರ್ಷ ಬರಲಿಲ್ಲವಲ್ಲ ಎಂಬ ನಾಚಿಕೆ.

ನಿವೃತ್ತಿಯ ವರ್ಷ ಒಬ್ಬ ವಿದ್ಯಾರ್ಥಿನಿ ಕೇಳಿದಳು. "ಸರ್, ಅದು ಕರೀತಿರೋದು ಯಾರನ್ನ?"

"ಅದು ಮುಖ್ಯ ಅಲ್ಲಮ್ಮಾ. ಶಾಸ್ತ್ರಕ್ಕೆ ಯಾರಾದರೂ ಆದೀತು."

"ನಿಮ್ಮ ಪುಸ್ತಕದ ಹಳೇ ಫೋಟೋಗಳಲ್ಲೂ ಅದೇ ಬಟ್ಟೆ ಇದೆ, ಸರ್. ಪಾಪ, ಅವರು ಇನ್ನೂ ಬಂದೇ ಇಲ್ಲ."

ಹೇಮ್ಲಾ ಈ ಸಲ ಕೆಮ್ಮಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹರಿಗೋಲು ಹತ್ತಿದ.

ಅಜ್ಜನ ಕಣ್ಣು ಮಂಜಾಗಿತ್ತು. ಬಟ್ಟೆಯಲ್ಲಿ ಮೂರೇ ಕನ್ನಡಿ ಉಳಿದಿದ್ದವು.

"ಯಾರದು?"

"ನಾನ್ರಿ, ಹೇಮ್ಲಾ."

"ಕಾಲಿನ ಸಪ್ಪಳ ಭಾರ ಆಗೇತಿ. ಬಗಲಾಗ ಏನದು?"

"ಪುಸ್ತಕ. ಈ ಬಟ್ಟಿ ಬಗ್ಗೆ ಬರೆದದ್ದು."

"ಏನಂತ ಬರದಿ?"

"ಬಾ ಅನ್ನೋದು ಅದರ ಅರ್ಥ ಅಂತ."

"ಅಷ್ಟಕ್ಕ ಇಷ್ಟು ದಪ್ಪನಾ?" ಅಜ್ಜ ಪುಸ್ತಕವನ್ನು ತೂಗಿ ನೋಡಿದ. "ತಪ್ಪಿಲ್ಲ ಬಿಡು. ಅರ್ಥ ಸರಿಯಾಗೇ ಐತಿ."

ಹೇಮ್ಲಾನಿಗೆ ಅಳು ಬಂತು. "ಬೈಯ್ರಿ, ಅಜ್ಜಾರ."

ಅಜ್ಜ ಬೈಯಲಿಲ್ಲ. ಎದ್ದು ಹೋಗಿ ತಡಕಾಡುತ್ತ ಜಾಲಿಯಿಂದ ಬಟ್ಟೆ ಬಿಚ್ಚತೊಡಗಿದ.

ಹೇಮ್ಲಾ ಓಡಿ ಬಂದು ಅವನ ಕೈ ಹಿಡಿದ. "ಬಿಚ್ಚಬ್ಯಾಡ್ರಿ! ಅದನ್ನ ನೋಡಕೋತನ ಬದುಕೀನ್ರಿ ನಾನು. ಇರಲಿ ಬಿಡ್ರಿ!"

ಇನ್ನು ಉಳಿದದ್ದು ಅಜ್ಜನ ಒಂದೇ ಮಾತು. ಅದಕ್ಕೆ ಮುಂಚೆ ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ. ಅದನ್ನು ಹೇಳಿದ ಮೇಲೆ ಕೇಳಲು ನನಗೆ ಬಾಯಿ ಬರುವುದಿಲ್ಲ.

ಅಜ್ಜ ಬಟ್ಟೆಯನ್ನು ಹೇಮ್ಲಾನ ಹೆಗಲ ಮೇಲೆ ಹಾಕಿ ಅಂದ: "ಬಂದವನನ್ನ ಇನ್ನೂ ಕರಕೋತ ಕುಂತ್ರ, ರೊಟ್ಟಿ ಬಡಿಯೋರು ಯಾರಲೇ?"