ಎಣಿಸದೆ ಬರೆದ ಉಸಿರು

ಪೂಜ್ಯ ಗುರುಸಿದ್ಧಮ್ಮ ತಾಯಿಯವರು ಆ ವರ್ಷಗಳಲ್ಲಿ ಸೋಮನಾಳದ ಹಳೆಯ ಹತ್ತಿ ಗೋದಾಮಿನಲ್ಲಿ ವಾಸವಾಗಿದ್ದರು. ತಗಡಿನ ಮಾಡಿನ ಕೆಳಗೆ ಒಂಬತ್ತು ಮಂಚ, ದಿಕ್ಕಿಲ್ಲದ ಒಂಬತ್ತು ರೋಗಿಗಳು. ಒಬ್ಬರ ಮೈ ಒರೆಸುವುದು, ಇನ್ನೊಬ್ಬರ ಮಗ್ಗುಲು ಬದಲಿಸುವುದು, ಇದೇ ತಾಯಿಯವರ ನಿತ್ಯಪೂಜೆ.

ಅಲ್ಲಿಗೆ ನರ್ಸಿಂಗ್ ಕಾಲೇಜಿನಿಂದ ದಾನೇಶ್ವರಿ ಎಂಬ ಎರಡನೇ ವರ್ಷದ ವಿದ್ಯಾರ್ಥಿನಿ ಒಂದು ದಿನದ ಕೆಲಸಕ್ಕೆಂದು ಬಂದಳು. ಕಾವಿ ಉಟ್ಟವರಿಂದ ತಾನು ಕಲಿಯುವುದೇನಿದೆ ಎಂಬ ಅಸಡ್ಡೆ ಅವಳಿಗೆ. ನಾಲ್ಕು ಗಂಟೆಯ ಬಸ್ಸು ತಪ್ಪೀತೆಂಬ ಚಡಪಡಿಕೆ ಬೇರೆ. ಸರಸರನೆ ಜ್ವರ ನೋಡಿದಳು, ನಾಡಿ ಹಿಡಿದಳು, ಚಾರ್ಟಿನಲ್ಲಿ ಅಂಕಿ ತುಂಬಿದಳು, ಚೀಲ ಹೆಗಲಿಗೇರಿಸಿದಳು.

ತಾಯಿಯವರು ಚಾರ್ಟಿನ ಹಾಳೆಗಳನ್ನು ಒಂದೊಂದಾಗಿ ನೋಡಿ, ಕೌದಿ ಹೊಲಿದು ಬದುಕಿದ್ದ ಮುದುಕಿ ಹುಸೇನಬಿಯ ಮಂಚದ ಬಳಿ ನಿಂತರು.

“ಉಸಿರು ಎಷ್ಟಂತ ಬರದಿ ತಂಗಿ?”

“ಇಪ್ಪತ್ತರೀ.”

“ಎಲ್ಲಾರ್ದೂ ಇಪ್ಪತ್ತ ಐತಿ. ಎಣಿಸಿದೇನು?”

ದಾನೇಶ್ವರಿಯ ಮುಖ ಕೆಂಪಾಯಿತು. “ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ಹಂಗ ಬರೀತಾರ್ರೀ ಅವ್ವಾ. ಬಸ್ ಹೊಂಡತೈತ್ರಿ.”

“ಕುಂಡ್ರು. ಎಣಿಸು.”

ಗದರಿಕೆಯಿಲ್ಲದ ಆ ಎರಡು ಮಾತಿಗೆ ಅವಳು ಚೀಲ ಕೆಳಗಿಟ್ಟು ಮಂಚದ ಪಕ್ಕ ಕೂತಳು. ಉಸಿರೆಣಿಸುತ್ತಿದ್ದಾರೆಂದು ರೋಗಿಗೆ ತಿಳಿದರೆ ಉಸಿರಿನ ಗತಿಯೇ ಬದಲಾಗುತ್ತದೆ. ಮೊದಲ ವರ್ಷದ ಆ ಪಾಠ ಈಗ ನೆನಪಾಯಿತು. ನಾಡಿ ನೋಡುವವಳಂತೆ ಮಣಿಕಟ್ಟು ಹಿಡಿದು, ಎದೆಯ ಏರಿಳಿತ ದಿಟ್ಟಿಸಿದಳು. ಒಂದು ನಿಮಿಷ. ಇಪ್ಪತ್ತರ ಆಸುಪಾಸು ಇರಬೇಕಾದದ್ದು ಮೂವತ್ತಾರು! ಮತ್ತೆ ಎಣಿಸಿದಳು. ಮೂವತ್ತೆಂಟು. ಮೈ ಅಷ್ಟೇನೂ ಸುಡುತ್ತಿರಲಿಲ್ಲ, ಆದರೆ ಪಕ್ಕೆಲುಬಿನ ಸಂದು ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ತುಟಿಯಲ್ಲಿ ನೀಲಿ ಛಾಯೆ.

“ಏನಿಲ್ಲವ್ವಾ, ಆರಾಮ ಅದೀನಿ,” ಎಂದು ಹುಸೇನಬಿ ತಡೆತಡೆದು ನಕ್ಕಳು.

“ಅವ್ವಾ, ಈಕೀನ್ನ ಈಗಿಂದೀಗ ಒಯ್ಯಬೇಕ್ರಿ!” ದಾನೇಶ್ವರಿ ಕೂಗಿಕೊಂಡಳು.

ಬಾಡಿಗೆ ಜೀಪು ಬಂತು. ಮಲಗಿಸಿದರೆ ಉಸಿರು ಇನ್ನೂ ಕಟ್ಟುತ್ತದೆಂದು ದಾನೇಶ್ವರಿ ಮುದುಕಿಯನ್ನು ತನ್ನ ಎದೆಗೆ ಒರಗಿಸಿಕೊಂಡು ಕೂತಳು. ಹನ್ನೆರಡು ಮೈಲಿ ದಾರಿಯುದ್ದಕ್ಕೂ ಎಣಿಸುತ್ತಲೇ ಹೋದಳು. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದ ವೈದ್ಯರು, “ಎರಡೂ ಶ್ವಾಸಕೋಶಕ್ಕೆ ಸೋಂಕು ಹತ್ತಿದೆ. ನಾಳೆಗೆ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ,” ಎಂದರು.

ಹುಸೇನಬಿ ಕಣ್ಣು ತೆರೆದು ನೀರು ಕೇಳಿದ ಮೇಲೆಯೇ ದಾನೇಶ್ವರಿ ಗೋದಾಮಿಗೆ ಮರಳಿದಳು. ಜೀವ ಉಳಿದಿತ್ತು, ಅವಳ ಮನಸ್ಸು ಮಾತ್ರ ನೆಲೆ ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಎಷ್ಟು ಇಪ್ಪತ್ತು ಬರೆದಿದ್ದೆ, ಅವರೆಲ್ಲ ಏನಾದರು? ತಾಯಿಯವರ ಪಾದದ ಮೇಲೆ ಬಿದ್ದು ಬಿಕ್ಕಿದಳು.

“ಎದಿ ಡವಡವ ಅಂತೈತ್ರಿ ಅವ್ವಾ. ಒಂದೀಟು ಸಮಾಧಾನ ಕೊಡ್ರಿ.”

ತಾಯಿಯವರು ಅವಳನ್ನು ಹಿಡಿದೆತ್ತಿ ಕಣ್ಣೊರೆಸಿದರು.

“ಅದು ನನ್ನ ಕಡೆ ಇಲ್ಲ ಮಗಳ. ಇನ್ನೂ ಎಂಟು ಮಂದಿ ಅದಾರ.”

ದಾನೇಶ್ವರಿ ಎದ್ದಳು. ಕೈ ತೊಳೆದುಕೊಂಡು ಬಾಗಿಲ ಬಳಿಯ ಮೊದಲ ಮಂಚದಂಚಿಗೆ ಕೂತು, ಅಲ್ಲಿದ್ದ ಮುದುಕನ ಮಣಿಕಟ್ಟನ್ನು ಮೆಲ್ಲಗೆ ಹಿಡಿದಳು.