ತೂಬಿನ ಕಣ್ಣು

"ಗುರುಗಳೇ, ಹೊಟ್ಟೆ ಕೊಯ್ಯಿಸಿಕೊಂಡು ಸಣ್ಣಗಾಗುವುದು ಮೋಸವಲ್ಲವೇ?"

ಮರಿದೇವ ಕೊನೆಗೂ ಕೇಳಿಯೇಬಿಟ್ಟ. ಇದನ್ನು ಕೇಳಬೇಕೆಂದು ಮೂರು ವಾರದಿಂದ ಯೋಗಶಾಲೆಯ ಮೆಟ್ಟಿಲು ಹತ್ತಿ, ಕೇಳದೆಯೇ ಇಳಿಯುತ್ತಿದ್ದ. ಅವನ ತೂಕ ನೂರ ಮೂವತ್ತೆಂಟು ಕಿಲೊ. ಆರು ವರ್ಷ ಇದೇ ಗುರುಗಳ ಎದುರಿಗೆ ಸೂರ್ಯನಮಸ್ಕಾರ ಹಾಕಿದವನು. ಅನ್ನ ಬಿಟ್ಟು ನವಣೆ ಹಿಡಿದ, ನವಣೆ ಬಿಟ್ಟು ಸೌತೆಕಾಯಿ ಹಿಡಿದ. ಹತ್ತು ಕಿಲೊ ಇಳಿದರೆ ಹನ್ನೆರಡು ಕಿಲೊ ಮರಳಿ ಬರುತ್ತಿತ್ತು. ಈಗ ಸಕ್ಕರೆ ಕಾಯಿಲೆ ಏರಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಹೀಗೇ ಬಿಟ್ಟರೆ ಹೃದಯ ತಡೆಯುವುದಿಲ್ಲ, ಜಠರವನ್ನು ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದಿದ್ದರು ವೈದ್ಯರು. ಸೋಮವಾರ ಉತ್ತರ ಹೇಳಬೇಕು.

"ಮೋಸ ಅಂತ ಯಾರಂದರು?"

"ನಮ್ಮ ಭಾವ. 'ಬಾಯಿ ಕಟ್ಟಲಾರದವನು ಹೊಟ್ಟೆ ಕಟ್ಟಿಸಿಕೊಳ್ಳೋಕೆ ಹೊರಟ' ಅಂತ ಮದುವೆಮನೆಯಲ್ಲೇ ನಗಾಡಿದ."

ಗುರುಗಳೂ ಬಯ್ಯುತ್ತಾರೆಂದು ಮರಿದೇವ ತಲೆ ತಗ್ಗಿಸಿದ. ಅವರೋ, ಎಪ್ಪತ್ತೆರಡರ ಮುದುಕ, ಚಾಪೆಯ ಮೇಲೆ ಚಟ್ಟನೆ ನೆಟ್ಟಗೆ ಕೂತು ತೊಡೆ ತಟ್ಟಿದರು. "ಭಲೇ! ಇದಕ್ಕೊಂದು ಕತೆ ಇದೆ, ಕೇಳು."

ಕೆರೆಯ ಕೆಳಗೆ ಒಬ್ಬ ರೈತನ ಗದ್ದೆಯಿತ್ತು. ಕೆರೆಯ ನೀರು ಬಿಡುವ ತೂಬಿನ ಕಣ್ಣು ಸವೆದು ಅಗಲವಾಗಿತ್ತು. ಬೆಣೆ ಬಡಿದರೂ ನೀರು ನಿಲ್ಲದು. ಪೈರು ಕುತ್ತಿಗೆಮಟ್ಟ ಮುಳುಗಿತು. ರೈತ ಗದ್ದೆಯ ಮೂಲೆಯಲ್ಲಿ ಯಾತ ನಿಲ್ಲಿಸಿದ. ಉದ್ದನೆಯ ತೊಲೆ, ಅದರ ತುದಿಗೆ ನೀರೆತ್ತುವ ಬಾನಿ. ತಗ್ಗಿಸುವುದು, ತುಂಬುವುದು, ಎತ್ತಿ ಆಚೆಯ ಹಳ್ಳಕ್ಕೆ ಸುರಿಯುವುದು. ಬೆಳಗಿನಿಂದ ಬೈಗಿನವರೆಗೆ ಯಾತ ಹೊಡೆದರೆ ಒಂದು ಗೇಣು ನೀರು ಇಳಿಯುತ್ತಿತ್ತು. ಮರುದಿನ ಬಂದು ನೋಡಿದರೆ ಅದೇ ಒಂದು ಗೇಣು ಮತ್ತೆ ಏರಿರುತ್ತಿತ್ತು.

ಕೆರೆ ಏರಿಯ ಮೇಲೆ ಹೋಗುವವರು ಕೂಗುತ್ತಿದ್ದರು: "ಏನಯ್ಯಾ, ರಟ್ಟೆಯಲ್ಲಿ ಬಲವಿಲ್ಲವೇ? ಇನ್ನೂ ಜೋರಾಗಿ ಹೊಡಿ!"

ರೈತ ಇನ್ನೂ ಜೋರಾಗಿ ಹೊಡೆದ. ಅಂಗೈ ಸುಲಿಯಿತು. ಪೈರು ಹಳದಿಗೆ ತಿರುಗಿತು.

ಒಂದು ದಿನ ಒಬ್ಬ ಕಲ್ಲುಕುಟಿಗ ಆ ದಾರಿಯಲ್ಲಿ ಬಂದ. ತೂಬಿನೊಳಗೆ ಕೈಯಾಡಿಸಿ ನೋಡಿದ. "ಏರಿ ಬಗೆದು ಸಣ್ಣ ಕಣ್ಣಿನ ಕಲ್ಲು ಕೂರಿಸಬೇಕು. ಏರಿ ಬಗೆಯುವ ಕೆಲಸ, ಅಪಾಯವೇ ಇಲ್ಲ ಅನ್ನಲಾರೆ. ಆಮೇಲೆ ನೀನು ಕಾಲು ಚಾಚಿ ಮಲಗುವಂತೆಯೂ ಇಲ್ಲ. ದಿನಾ ಬಂದು ಹೂಳು ತೆಗೆಯಬೇಕು. ಮುಂದೆ ಹೆಚ್ಚು ನೀರಿನಾಸೆಗೆ ಬಿದಿರ ಗಣೆ ಹಾಕಿ ತಿವಿದೆಯೋ, ಹೊಸ ಕಣ್ಣೂ ಅಗಲವಾದೀತು."

ರೈತ ಸುಲಿದ ಅಂಗೈ ಚಾಚಿ ತೋರಿಸಿದ. "ಹಾಗಾದರೆ ಇಷ್ಟು ದಿನ ನಾನು ಯಾತ ಹೊಡೆದದ್ದೆಲ್ಲ ದಂಡವೇನಯ್ಯಾ?"

"ಛೆ ಛೆ! ನೀನು ಹೊಡೆದದ್ದಕ್ಕೇ ಪೈರು ಇನ್ನೂ ಉಸಿರು ಹಿಡಿದಿದೆ. ಕೊಳೆತು ಹೋಗಿದ್ದರೆ ನಾನು ಯಾವ ಭಾಗ್ಯಕ್ಕೆ ಕಲ್ಲು ಕೂರಿಸಲಿ?"

ಆದರೂ ರೈತ ತೊಲೆ ಬಿಡಲಿಲ್ಲ. ಏರಿಯ ಮೇಲಿನವರು ನಕ್ಕಾರೆಂಬ ಅಂಜಿಕೆ. "ಇನ್ನೊಂದು ವಾರ ಹೊಡೆದು ನೋಡುತ್ತೇನೆ" ಎಂದು ಬಾನಿ ತಗ್ಗಿಸಿದ. ಕಲ್ಲುಕುಟಿಗ ಉಳಿ ಸುತ್ತಿಗೆ ಕೆಳಗಿಟ್ಟು ಕಾಯುತ್ತ ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿಬಿಟ್ಟರು.

ಮರಿದೇವ ಚಾಪೆಯಿಂದ ಅರ್ಧ ಎದ್ದಿದ್ದ. "ಆಮೇಲೆ? ಒಪ್ಪಿದನೇ ಗುರುಗಳೇ? ಆ ಮಂದಿ ಕೂಗಿಕೊಂಡರೆ ಕೂಗಿಕೊಳ್ಳಲಿ, ಪೈರು ಸಾಯುತ್ತಿದೆಯಲ್ಲ! ಅಷ್ಟೂ ತಿಳಿಯಲಿಲ್ಲವೇ ಆ ಹುಚ್ಚನಿಗೆ?"

ಹೇಳಿದವನು ತನ್ನ ಮಾತು ತನಗೇ ಕೇಳಿಸಿದಂತಾಗಿ ಮತ್ತೆ ಚಾಪೆಯ ಮೇಲೆ ಕೂತ. ಗುರುಗಳು ಮುಂದಕ್ಕೆ ಬಾಗಿ, ಕಣ್ಣರಳಿಸಿ, ಮೆಲ್ಲಗೆ ಕೇಳಿದರು:

"ಮರಿದೇವಾ, ನಿನ್ನ ನಿಷ್ಠೆ ಯಾತದ ತೊಲೆಗೋ, ಪೈರಿಗೋ?"